20 ವಾಟ್ ವಾಲ್ವ್ ಹೆಡ್‌ಗೆ ಯಾವ ಕ್ಯಾಬ್? 1×12, 2×12, ಇಲ್ಲಾ ಗೆಳೆಯನ ಹಳೇ 4×12?

ಆರನೇ ತಂತಿ:

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಗಿಟಾರ್‌ಗೆ ಒಂದು ಸಣ್ಣ ಟ್ರಾನ್ಸಿಸ್ಟರ್ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬದಲ್ಲಿ ಇರುವಂಥದ್ದು) ಇಟ್ಟುಕೊಂಡೇ ಕಾಲ ತಳ್ಳಿದೆ. ಮೊನ್ನೆ 20 ವಾಟ್‌ನ ವಾಲ್ವ್ ಹೆಡ್ ಒಂದು ಕೈಗೆ ಬಂತು, ಅಂದರೆ ಸ್ಪೀಕರ್ ಇಲ್ಲದ ಬರೀ ಆಂಪ್, ಒಳಗೆ ಎರಡು ಇಎಲ್34 ವಾಲ್ವ್ (ಗಾಜಿನ ಟ್ಯೂಬ್) ಇರುವಂಥದ್ದು. ಹೆಡ್ ಬಂತು ಸರಿ, ಸ್ಪೀಕರ್ ಇರುವ ಡಬ್ಬ, ಅಂದರೆ ಕ್ಯಾಬ್, ಇಲ್ಲ. ಹಿಂಭಾಗದಲ್ಲಿ ಸ್ಪೀಕರ್ ಜ್ಯಾಕ್ ಎರಡಿವೆ, ಒಂದರ ಮೇಲೆ 8 ಓಮ್, ಇನ್ನೊಂದರ ಮೇಲೆ 16 ಓಮ್ ಅಂತ ಬರೆದಿದೆ.

ನುಡಿಸುವುದು ಹೆಚ್ಚಾಗಿ ಬ್ಲೂಸ್ ರಾಕ್, ಮನಸ್ಸು ಬಂದಾಗ ಸ್ವಲ್ಪ ಭಾರದ ರಿಫ್. ಮನೆಯಲ್ಲಿ ಚಿಕ್ಕ ಕೋಣೆ. ವಾರಕ್ಕೊಮ್ಮೆ ಡ್ರಮ್, ಬಾಸ್ ಜೊತೆ ಪ್ರಾಕ್ಟೀಸ್ ಇರುತ್ತದೆ, ಅಲ್ಲಿಗೆ ನಾನೇ ಹೊತ್ತುಕೊಂಡು ಹೋಗಬೇಕು.

ಸದ್ಯ ಮೂರು ದಾರಿ ಕಾಣುತ್ತಿವೆ. ಒಂದು, ಹಿಂದೆ ಪೂರ್ತಿ ಮುಚ್ಚಿದ 1×12 (12 ಇಂಚಿನ ಸ್ಪೀಕರ್ ಒಂದು; 2×12ರಲ್ಲಿ ಎರಡು, 4×12ರಲ್ಲಿ ನಾಲ್ಕು), ಒಳಗೆ ವಿಂಟೇಜ್ 30 ಅನ್ನೋ ಸ್ಪೀಕರ್. ಎರಡನೆಯದು 2×12, ಅದು ಸ್ಪೀಕರ್ ಸಮೇತವೂ ಸಿಗುತ್ತದೆ, ಖಾಲಿ ಡಬ್ಬವಾಗಿಯೂ ಸಿಗುತ್ತದೆ. ಅದರ ಹಿಂದಿನ ಹಲಗೆ ಮೂರು ತುಂಡು, ನಡುವಿನದನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದು. ಮೂರನೆಯದು ಗೆಳೆಯನೊಬ್ಬ ಮೂಲೆಗೆ ತಳ್ಳಿರುವ ಹಳೇ 4×12. ಒಳಗೆ ಯಾವ ಸ್ಪೀಕರ್ ಇದೆ ಅಂತ ಅವನಿಗೇ ಗೊತ್ತಿಲ್ಲ, ಹಿಂದೆ 16 ಓಮ್, 300 ವಾಟ್ ಅಂತ ಚೀಟಿ ಇದೆ, ಅಷ್ಟೇ. ಹೆಚ್ಚು ಕಡಿಮೆ ಪುಕ್ಕಟೆ ಕೊಡುತ್ತಾನೆ.

ಕೇಳಬೇಕಾದ್ದು ಏನೆಂದರೆ, 300 ವಾಟ್ ಕ್ಯಾಬ್‌ಗೆ 20 ವಾಟ್ ಹೆಡ್ ಹಾಕಿದರೆ ಸದ್ದು ಸತ್ತುಹೋಗುತ್ತದಾ? ಓಮ್ ಲೆಕ್ಕ ಸ್ವಲ್ಪ ಬಿಡಿಸಿ ಹೇಳಿ. ಮತ್ತೆ ಇನ್ನೊಂದು ಪೆದ್ದ ಪ್ರಶ್ನೆ: ಕೊನೆಗೆ ಅದೊಂದು ಮರದ ಡಬ್ಬ ತಾನೇ, ಸದ್ದಿನಲ್ಲಿ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಬೆಸುಗೆಕಡ್ಡಿ:

ಮೊದಲು ಓಮ್, ಅಂದರೆ ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆ. ಸದ್ದು ಚೆನ್ನಾಗಿಲ್ಲ ಅಂದರೆ ಆಮೇಲೆ ಬದಲಾಯಿಸಿಕೊಳ್ಳಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಟ ಅಲ್ಲಿಗೇ ಮುಗಿಯುತ್ತದೆ.

ವಾಲ್ವ್ ಹೆಡ್ ಅನ್ನು ಸ್ಪೀಕರ್ ಇಲ್ಲದೆ ಆನ್ ಮಾಡಿ ನುಡಿಸಬೇಡಿ, "ಒಂದೇ ನಿಮಿಷ ನೋಡೋಣ" ಅಂತಾನೂ ಬೇಡ. ವಾಲ್ವ್‌ಗಳಿಗೂ ಸ್ಪೀಕರ್‌ಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಂತ ಒಂದಿದೆ. ಆಚೆ ಕಡೆ ಲೋಡ್ (ಅಂದರೆ ಸ್ಪೀಕರ್) ಇಲ್ಲದಿದ್ದರೆ ಈಚೆ ಕಡೆ ವೋಲ್ಟೇಜ್ ಮಿತಿ ಮೀರಿ ಏರುತ್ತದೆ, ಒಳಗೆ ಕಿಡಿ ಹಾರಿ ಸುತ್ತಿದ ತಂತಿಯ ಇನ್ಸುಲೇಷನ್ ಹೋಗಬಹುದು, ವಾಲ್ವ್ ಸಾಕೆಟ್ ಹೋಗಬಹುದು. ನೀವು ಈವರೆಗೆ ಬಳಸಿದ ಟ್ರಾನ್ಸಿಸ್ಟರ್ ಆಂಪ್‌ಗಳ ಸ್ವಭಾವ ಬೇರೆ. ಅವಕ್ಕೆ ಓಮ್ ಕಡಿಮೆಯಾದರೆ ಕಷ್ಟ, ಜಾಸ್ತಿಯಾದರೆ ಪರವಾಗಿಲ್ಲ, ವಾಟ್ ಕಡಿಮೆ ಬರುತ್ತದೆ ಅಷ್ಟೇ. ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ವಾಲ್ವ್ ಆಂಪ್‌ಗೆ ಎರಡೂ ಕಡೆ ತೊಂದರೆ ಇದೆ.

ಹಾಗಾಗಿ 16 ಓಮ್ ಕ್ಯಾಬ್ ಇದ್ದರೆ 16ರ ಜ್ಯಾಕ್, 8 ಇದ್ದರೆ 8ರ ಜ್ಯಾಕ್. 4 ಓಮ್ ಕ್ಯಾಬ್ ನಿಮ್ಮ ಹೆಡ್‌ಗೆ ಬೇಡವೇ ಬೇಡ. ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿ) ಕೊಟ್ಟರೆ 4 ಆಗುತ್ತದೆ, ಸೀರೀಸ್ (ಒಂದರ ಹಿಂದೆ ಒಂದು) ಕೊಟ್ಟರೆ 16. ಎರಡು 16 ಪ್ಯಾರಲಲ್ ಕೊಟ್ಟರೆ 8. ನಾಲ್ಕು 16 ಇದ್ದರೆ ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡುತ್ತಾರೆ, ಸುತ್ತಿ ಬಳಸಿ ಮತ್ತೆ 16ಕ್ಕೇ ಬಂದು ನಿಲ್ಲುತ್ತದೆ. 4×12ಗಳಲ್ಲಿ ಇದು ಮಾಮೂಲಿ.

ವಾಟ್ ಬಗ್ಗೆ ಹೆದರಬೇಡಿ. ಸ್ಪೀಕರ್ ಮೇಲೆ ಬರೆದಿರುವ ವಾಟ್ ಅದು ತಡೆದುಕೊಳ್ಳುವ ಶಕ್ತಿ, ಕೇಳುವ ಹಸಿವಲ್ಲ. ಹತ್ತು ಜನ ಕೂರುವ ಬೆಂಚಿನ ಮೇಲೆ ಒಬ್ಬ ಕೂತರೆ ಬೆಂಚಿಗೂ ಏನಾಗಲ್ಲ, ಕೂತವನಿಗೂ ಏನಾಗಲ್ಲ. ತೊಂದರೆ ಇರುವುದು ಉಲ್ಟಾ ಕಡೆ. 20 ವಾಟ್ ಹೆಡ್ ಅನ್ನು ಪೂರ್ತಿ ಏರಿಸಿ ಸದ್ದು ಒಡೆಯುವ ಹಾಗೆ (ಡಿಸ್ಟಾರ್ಷನ್) ಮಾಡಿದಾಗ ಅದು 20ಕ್ಕೇ ನಿಲ್ಲುವುದಿಲ್ಲ, ಅದಕ್ಕಿಂತ ಸಾಕಷ್ಟು ಮೇಲೆ ಹೋಗುತ್ತದೆ. ಒಂದೇ ಸ್ಪೀಕರ್ ಹಾಕುವುದಾದರೆ ಹೆಡ್‌ನ ಎರಡರಷ್ಟು ವಾಟ್ ತಡೆಯುವಂಥದ್ದು ಹಾಕಿ, ಅಂದರೆ 40ಕ್ಕಿಂತ ಮೇಲೆ. ವಿಂಟೇಜ್ 30ರ ಹೆಸರಿನಲ್ಲಿ 30 ಇದೆ ಅಂತ ಮೋಸ ಹೋಗಬೇಡಿ, ಅದು 60 ವಾಟ್ ಸ್ಪೀಕರ್.

ಜೋರು ಎಷ್ಟು ಅನ್ನುವುದು ಸೆನ್ಸಿಟಿವಿಟಿ ಅನ್ನೋ ಸಂಖ್ಯೆಯಲ್ಲಿ ಅಡಗಿದೆ, ಡೆಸಿಬೆಲ್‌ನಲ್ಲಿ ಬರೆದಿರುತ್ತಾರೆ. 97 ಇರುವ ಸ್ಪೀಕರ್ ತೆಗೆದು 100 ಇರುವುದನ್ನು ಹಾಕಿದರೆ, ಆಂಪ್‌ನ ವಾಟ್ ಎರಡರಷ್ಟು ಮಾಡಿದ್ದಕ್ಕೆ ಸಮ. ಯಾರೂ ಆ ಸಂಖ್ಯೆ ನೋಡುವುದಿಲ್ಲ, ಎಲ್ಲರಿಗೂ ವಾಟ್‌ದೇ ಹುಚ್ಚು.

4×12 ತೆಗೆದುಕೊಳ್ಳುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ. ಚೀಟಿ ನಂಬಬೇಡಿ.

ಹಳೇ ಕಾಂಬೋ:

ಡಬ್ಬ ತಾನೇ ಅಂದಿರಲ್ಲ, ಅದಕ್ಕೆ ನಾನು ಉತ್ತರ ಕೊಡುತ್ತೇನೆ, ಓಮ್ ಗೀಮ್ ಎಲ್ಲ ಮೇಲಿನವರಿಗೇ ಬಿಟ್ಟೆ.

ನಿಮ್ಮ ಹೆಡ್‌ನ ಸ್ಪೀಕರ್ ಜ್ಯಾಕ್‌ನಿಂದ ಬರುವ ಸದ್ದನ್ನು ಹಾಗೇ ಹಾಡು ಕೇಳುವ ಹೈಫೈ ಸ್ಪೀಕರ್‌ನಲ್ಲಿ ಕೇಳಿಸಿಕೊಂಡರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ಹೊರಗೆ ಬಿಡುವುದಿಲ್ಲ, ಟ್ವೀಟರ್ ಅಂತೂ ಇರುವುದೇ ಇಲ್ಲ. ಆ ಕರ್ಕಶವನ್ನೆಲ್ಲ ನುಂಗಿ, ಮಿಡ್‌ನಲ್ಲಿ (ನಡುವಿನ ಸ್ವರಗಳಲ್ಲಿ) ತನ್ನದೇ ಒಂದು ಉಬ್ಬು ಸೇರಿಸಿ ಕಳಿಸುತ್ತದೆ. ನಾವು "ಆಂಪ್‌ನ ಸದ್ದು" ಅಂತ ಕರೆಯುವುದರಲ್ಲಿ ಅರ್ಧಕ್ಕರ್ಧ ಸ್ಪೀಕರ್‌ದೇ ಅಂತ ನನ್ನ ಲೆಕ್ಕ. ಪೆಡಲ್ ಮೇಲೆ ಪೆಡಲ್ ಕೊಳ್ಳುವವರು ಒಂದು ಸಲ ಸ್ಪೀಕರ್ ಬದಲಾಯಿಸಿ ನೋಡಬೇಕು.

ಇನ್ನು ಡಬ್ಬ. ಸ್ಪೀಕರ್ ಕೋನ್ (ಅಲ್ಲಾಡುವ ಕಾಗದದ ಭಾಗ) ಮುಂದಕ್ಕೆ ತಳ್ಳಿದಾಗ ಹಿಂದುಗಡೆಯಿಂದ ಎಳೆಯುತ್ತದೆ, ಅಲ್ವಾ? ಹಿಂದೆ ಹಲಗೆ ಇಲ್ಲದಿದ್ದರೆ ಹಿಂದಿನ ಅಲೆ ಸುತ್ತಿಕೊಂಡು ಮುಂದೆ ಬಂದು ಮುಂದಿನ ಅಲೆಯನ್ನು ಕೆಳಗಿನ ಸ್ವರಗಳಲ್ಲಿ ಕಡಿದುಹಾಕುತ್ತದೆ. ಅದಕ್ಕೇ ಓಪನ್ ಬ್ಯಾಕ್‌ನಲ್ಲಿ ಬಾಸ್ ಸಡಿಲ, ಆದರೆ ಸದ್ದು ಹಿಂದಕ್ಕೂ ಹೋಗಿ ಗೋಡೆಗೆ ತಾಗಿ ಕೋಣೆ ತುಂಬುತ್ತದೆ, ಗಾಳಿ ಇದ್ದ ಹಾಗಿರುತ್ತದೆ. ಹಳೇ ಫೆಂಡರ್ ಡೀಲಕ್ಸ್ ರಿವರ್ಬ್, ಟ್ವಿನ್ ರಿವರ್ಬ್, ವಾಕ್ಸ್ ಎಸಿ30 ಕಾಂಬೋಗಳೆಲ್ಲ ಹಿಂದೆ ತೆರೆದವೇ. ಹಿಂದೆ ಮುಚ್ಚಿದರೆ ಬಾಸ್ ಬಿಗಿಯಾಗುತ್ತದೆ, ಕೈಯಲ್ಲಿ ತಂತಿ ಮುಚ್ಚಿ ಹೊಡೆಯುವ ರಿಫ್‌ಗೆ ಎದೆಗೆ ಗುದ್ದಿದ ಹಾಗೆ ಬರುತ್ತದೆ. ಆದರೆ ಸದ್ದು ಒಂದೇ ಕಡೆಗೆ ಹೋಗುತ್ತದೆ.

ನನ್ನ ಓಟು ಆ 2×12ಗೆ. ಹಲಗೆ ತೆಗೆಯಲು ಬರುತ್ತದೆ ಅಂದರೆ ಒಂದೇ ಡಬ್ಬದಲ್ಲಿ ಎರಡು ಕ್ಯಾಬ್. ಬ್ಲೂಸ್ ದಿನ ತೆಗೆಯಿರಿ, ರಿಫ್ ದಿನ ಹಾಕಿ.

ಮುಚ್ಚಿದ 1×12 ತೀರಾ ಚಿಕ್ಕದಾಗಿದ್ದರೆ ಹುಷಾರು. ಒಳಗೆ ಜಾಗ ಕಡಿಮೆಯಾದಷ್ಟೂ ಮೂಗಿನಲ್ಲಿ ಹಾಡಿದ ಹಾಗೆ ಕೇಳಿಸುತ್ತದೆ, ಬಾಸ್ ಬೇಗ ಕೈಬಿಡುತ್ತದೆ. ಮರ ಪ್ಲೈವುಡ್ ಇರಲಿ. ಒತ್ತುಪುಡಿ ಹಲಗೆಯ ಡಬ್ಬ ಭಾರವೂ ಹೌದು, ನೀರು ತಾಗಿದರೆ ಮೂಲೆ ಊದಿಕೊಂಡು ಸ್ಕ್ರೂ ಹಿಡಿಯುವುದೇ ಇಲ್ಲ.

ಡ್ರಮ್ ಹಿಂದೆ ಕೂತವ:

ಗಿಟಾರ್ ಬರಲ್ಲ, ಆದರೂ ಈ ವಿಷಯದಲ್ಲಿ ಮಾತಾಡುವ ಹಕ್ಕು ಎಲ್ಲರಿಗಿಂತ ನನಗೇ ಜಾಸ್ತಿ ಇದೆ.

ನಮ್ಮ ಗಿಟಾರ್‌ನವನದು ಮುಚ್ಚಿದ ಕ್ಯಾಬ್. ಅದನ್ನು ನೆಲದ ಮೇಲೆ ಇಟ್ಟು, ಅದರ ಮುಂದೆ ಎರಡು ಹೆಜ್ಜೆಯಲ್ಲಿ ನಿಂತುಕೊಂಡು "ನನಗೆ ಟ್ರೆಬಲ್ ಸಾಲದು" ಅಂತ ಏರಿಸುತ್ತಾನೆ. ಸ್ವಾಮಿ, ಸ್ಪೀಕರ್ ನಿನ್ನ ಮೊಣಕಾಲಿಗೆ ನುಡಿಸುತ್ತಿದೆ, ನಿನ್ನ ಕಿವಿ ಮೊಣಕಾಲಲ್ಲಿ ಇಲ್ಲ. ಆ ಟ್ರೆಬಲ್ ಅಷ್ಟೂ ನೇರವಾಗಿ ಎದುರಿಗೆ ಕೂತಿರುವ ಬಾಸ್‌ನವನ ಹಣೆಗೆ ಬಡಿಯುತ್ತಿರುತ್ತದೆ. ನನಗೆ, ಪಕ್ಕದಲ್ಲಿರುವವನಿಗೆ, ಬರೀ ಗುಂಯ್ ಅನ್ನುವುದು ಮಾತ್ರ ಕೇಳಿಸುತ್ತದೆ.

ಕುರ್ಚಿ ಮೇಲೆ ಇಡಿ, ಇಲ್ಲಾ ಹಿಂದಕ್ಕೆ ವಾಲಿಸಿ. ದುಡ್ಡಿಲ್ಲದ ಅಪ್‌ಗ್ರೇಡ್.

ಬೆಸುಗೆಕಡ್ಡಿ:

ಡ್ರಮ್ ಅಣ್ಣ ಹೇಳಿದ್ದಕ್ಕೆ ಲೆಕ್ಕವೂ ಇದೆ. 1 ಕಿಲೋಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್, 12 ಇಂಚು ಸ್ಪೀಕರ್‌ನ ಅಗಲ 30. ಅಲೆ ಕೋನ್‌ಗಿಂತ ಚಿಕ್ಕದಾಗುತ್ತಾ ಹೋದ ಹಾಗೆ ಸದ್ದು ಹರಡುವುದು ಬಿಟ್ಟು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಸ್ಪೀಕರ್ ಪಕ್ಕಪಕ್ಕ ಇಟ್ಟಷ್ಟೂ ಆ ಟಾರ್ಚ್ ಅಡ್ಡಡ್ಡಕ್ಕೆ ಇನ್ನೂ ಕಿರಿದಾಗುತ್ತದೆ. ಹಾಗಾಗಿ 2×12 ತೆಗೆದುಕೊಂಡರೆ ಮಲಗಿಸುವ ಬದಲು ನಿಲ್ಲಿಸಿ ನೋಡಿ. ಮೇಲಿನ ಸ್ಪೀಕರ್ ಕಿವಿಗೆ ಹತ್ತಿರ ಬರುತ್ತದೆ, ಅಕ್ಕಪಕ್ಕದವರಿಗೂ ಹೆಚ್ಚು ಕಡಿಮೆ ಅದೇ ಸದ್ದು ಸಿಗುತ್ತದೆ. ಹೆಡ್ ಮೇಲೆ ಇಟ್ಟರೆ ಜಾರದ ಹಾಗೆ ನೋಡಿಕೊಳ್ಳಿ.

ರಿಫ್ ರಾಕ್ಷಸ:

4×12 ತಗೋ ಗುರು. ಪುಕ್ಕಟೆ ಸಿಗುತ್ತಿದೆ, ಇನ್ನೇನು ಯೋಚನೆ. ಆ ಕಡೆಯಿಂದ ಬರುವ ಗಾಳಿ ಪ್ಯಾಂಟ್ ಅಲ್ಲಾಡಿಸಬೇಕು.

ಹಳೇ ಕಾಂಬೋ:

ಹೊರುವವರು ನೀವಾ? ತುಂಬಿದ 4×12 ಅಂದರೆ 35 ಕಿಲೋ ಆಸುಪಾಸು. ವಾರ ವಾರ.

ಆರನೇ ತಂತಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಗೆಳೆಯನ ಮನೆಗೆ ಹೋಗಿದ್ದೆ. ಹೆಡ್ ಕೂಡ ತೆಗೆದುಕೊಂಡು ಹೋಗಿ, 16ರ ಜ್ಯಾಕ್‌ಗೆ 4×12 ಹಾಕಿ ಒಂದು ಹತ್ತು ನಿಮಿಷ ಸಣ್ಣ ವಾಲ್ಯೂಮ್‌ನಲ್ಲಿ ನುಡಿಸಿದೆ. ಸದ್ದು ಬಂತು, ಆದರೆ ಅಂದುಕೊಂಡಷ್ಟು ದೊಡ್ಡದಲ್ಲ, ಒಂದೇ ಪಕ್ಕದಿಂದ ಬಂದ ಹಾಗಿತ್ತು. ಆಮೇಲೆ ಬೆಸುಗೆಕಡ್ಡಿ ಸರ್ ಹೇಳಿದ್ದು ನೆನಪಾಗಿ ಮೀಟರ್ ಇಟ್ಟೆ. (ಮೊದಲೇ ಇಡಬೇಕಿತ್ತು, ಬೈಯಬೇಡಿ.) ಕೇಬಲ್‌ನ ಒಂದು ತುದಿ ಕ್ಯಾಬ್‌ನಲ್ಲಿ ಇಟ್ಟು ಇನ್ನೊಂದು ತುದಿಯಲ್ಲಿ ಅಳೆದೆ, 26 ತೋರಿಸುತ್ತಿದೆ. 16 ಇರಬೇಕಿತ್ತಲ್ವಾ? ಕೇಬಲ್ ನನ್ನ ಮಾಮೂಲಿ ಗಿಟಾರ್ ಕೇಬಲ್‌ನೇ, ಅದರಿಂದ ಹೆಚ್ಚು ತೋರಿಸುತ್ತಿದೆಯಾ?

ಬೆಸುಗೆಕಡ್ಡಿ:

ಬೈಯಲ್ಲ. ಆದರೆ ಒಂದೇ ಪೋಸ್ಟ್‌ನಲ್ಲಿ ಎರಡು ತಪ್ಪು ಸಿಕ್ಕಿವೆ, ಒಂದೊಂದಾಗಿ ಹೇಳುತ್ತೇನೆ.

ಗಿಟಾರ್ ಕೇಬಲ್‌ನಿಂದ 26 ಬರಲ್ಲ, ಅದು ಸೇರಿಸುವುದು ಒಂದು ಓಮ್‌ಗಿಂತ ಕಡಿಮೆ. ಆದರೂ ಆ ಕೇಬಲ್ ಅನ್ನು ಸ್ಪೀಕರ್‌ಗೆ ಇನ್ನು ಮುಂದೆ ಹಾಕಬೇಡಿ. ಗಿಟಾರ್ ಕೇಬಲ್ ಒಳಗೆ ನಡುವೆ ಕೂದಲಿನಂಥ ಒಂದು ತಂತಿ, ಸುತ್ತ ಗುಂಯ್‌ಗುಡುವುದನ್ನು ತಡೆಯೋ ಜಾಲರಿ. ಗಿಟಾರ್‌ನ ಪುಟ್ಟ ಸಿಗ್ನಲ್‌ಗೆ ಅದು ಸಾಕು. ಹೆಡ್‌ನಿಂದ ಸ್ಪೀಕರ್‌ಗೆ ಹೋಗುವುದು ನಿಜವಾದ ಕರೆಂಟ್. ಆ ತಂತಿ ಬಿಸಿಯಾಗಿ ಒಳಗೇ ಕಡಿದುಹೋದರೆ ಹೆಡ್ ಲೋಡ್ ಇಲ್ಲದೆ ಓಡುತ್ತದೆ, ಮೊದಲ ಪೋಸ್ಟ್‌ನಲ್ಲಿ ಹೇಳಿದ ಕಥೆ. ಸ್ಪೀಕರ್ ಕೇಬಲ್ ಅಂದರೆ ದಪ್ಪನೆಯ ಎರಡು ತಂತಿ ಸಮವಾಗಿ ಇರುವಂಥದ್ದು, ಜಾಲರಿ ಇರಲ್ಲ. ಪಿನ್ ಎರಡಕ್ಕೂ ಒಂದೇ ಥರ ಇರುವುದರಿಂದ ಎಲ್ಲರೂ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ, ಒಂದು ಟ್ರಾನ್ಸ್‌ಫಾರ್ಮರ್ ದಕ್ಷಿಣೆ ಕೊಟ್ಟು ಕಲಿತ ಪಾಠ ಇದು.

ಈಗ 26. ಮೀಟರ್ ತೋರಿಸುವುದು ಡಿಸಿ ರೆಸಿಸ್ಟೆನ್ಸ್, ಅದು ಬರೆದಿರುವ ಓಮ್‌ಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. 8 ಓಮ್ ಸ್ಪೀಕರ್ ಸುಮಾರು 6ರಿಂದ 7 ತೋರಿಸುತ್ತದೆ, 16 ಓಮ್‌ದು 12, 13. ನಿಮ್ಮ ಕ್ಯಾಬ್ ಸರಿಯಿದ್ದಿದ್ದರೆ 13ರ ಹತ್ತಿರ ಬರಬೇಕಿತ್ತು. ನಿಖರವಾಗಿ ಎರಡರಷ್ಟು ಬಂದಿದೆ. ಒಂದೇ ಪಕ್ಕದಿಂದ ಸದ್ದು ಬಂತು ಅಂದಿರಲ್ಲ, ಎರಡೂ ಸೇರಿಸಿದರೆ ಕಾಯಿಲೆ ಗೊತ್ತಾಗುತ್ತದೆ. ಎರಡು ಜೋಡಿಯಲ್ಲಿ ಒಂದು ಜೋಡಿ ಪೂರ್ತಿ ಕಡಿದಿದೆ. ಸೀರೀಸ್‌ನಲ್ಲಿ ಒಂದು ಸ್ಪೀಕರ್ ಸತ್ತರೆ ಅದರ ಜೊತೆಗಾರನಿಗೂ ಕರೆಂಟ್ ಹೋಗಲ್ಲ. ಉಳಿದ ಜೋಡಿ 13 ಕೂಡಿಸು 13, 26. ಅಂದರೆ ನಿಮ್ಮ ಹೆಡ್ 16ರ ಜ್ಯಾಕ್‌ನಿಂದ 32 ಓಮ್ ಲೋಡ್‌ಗೆ ಹತ್ತು ನಿಮಿಷ ಕೆಲಸ ಮಾಡಿದೆ. ವಾಲ್ಯೂಮ್ ಸಣ್ಣದಿತ್ತು, ಬಚಾವಾದಿರಿ.

ಕ್ಯಾಬ್ ಹಿಂದಿನ ಹಲಗೆ ಬಿಚ್ಚಿ. ಹೆಡ್‌ಗೆ ಜೋಡಿಸಿರಬಾರದು. ಸ್ಪೀಕರ್ ಸುಟ್ಟಿರಬೇಕು ಅಂತೇನಿಲ್ಲ, ಎಷ್ಟೋ ಸಲ ಬರೀ ತಂತಿಯ ಕ್ಲಿಪ್ ಜಾರಿರುತ್ತದೆ. ಆ ಡಬ್ಬ ಬಡಿಸಿಕೊಂಡೇ ಬದುಕುವುದಲ್ವಾ.

ರಿಫ್ ರಾಕ್ಷಸ:

ಗುರು ನಾನು ನನ್ನ ಮಾತು ವಾಪಸ್ ತಗೋತೀನಿ. ಮೀಟರ್ ಇಟ್ಟೇ ತಗೋ.

ಆರನೇ ತಂತಿ:

ಬಿಚ್ಚಿದೆ. ಹದಿನಾರೋ ಹದಿನೆಂಟೋ ಸ್ಕ್ರೂ, ಒಂದು ಜೇಡದ ಸಂಸಾರ, ಮೂರು ಪಿಕ್. ಸರ್ ಹೇಳಿದ್ದು ಅಕ್ಷರಶಃ ನಿಜ, ಕೆಳಗಿನ ಎಡಗಡೆ ಸ್ಪೀಕರ್‌ನಿಂದ ಒಂದು ಕ್ಲಿಪ್ ಕಳಚಿ ನೇತಾಡುತ್ತಿತ್ತು. ಸಿಕ್ಕಿಸಿ ಮತ್ತೆ ಅಳೆದೆ, ಈಗ 11 ತೋರಿಸುತ್ತದೆ. 13 ಅಂದಿದ್ದಿರಿ, 11 ಅಂದರೆ ಹತ್ತಿರವೇ ಅಲ್ವಾ, ಸರಿಹೋಯಿತು ಅಂತ ತಿಳಿಯಲಾ?

ಮೂರು ಸ್ಪೀಕರ್ ಮೇಲೆ ಸೆಲೆಸ್ಟಿಯನ್ ಜಿ12ಟಿ-75, 16 ಓಮ್ ಅಂತ ಚೀಟಿ ಇದೆ. ಕ್ಲಿಪ್ ಕಳಚಿದ್ದ ನಾಲ್ಕನೆಯದರ ಚೀಟಿ ಹರಿದಿದೆ, ಕೋನ್‌ನ ಬಣ್ಣವೂ ಸ್ವಲ್ಪ ಬೇರೆ ಇದೆ.

ಬೆಸುಗೆಕಡ್ಡಿ:

ತಿಳಿಯಬೇಡಿ. ಎಲ್ಲ ತಂತಿ ಕಳಚಿ ಒಂದೊಂದು ಸ್ಪೀಕರ್ ಅನ್ನೂ ಬೇರೆ ಬೇರೆ ಅಳೆಯಿರಿ. ಕಳಚುವ ಮುಂಚೆ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ನಾಲ್ಕನೆಯದರ ಮೇಲೆ ನನಗೆ ಅನುಮಾನ.

ಆರನೇ ತಂತಿ:

13, 13, 13, ಕೊನೆಯದು 6.5.

ಬೆಸುಗೆಕಡ್ಡಿ:

ಅಂದುಕೊಂಡೆ. ಯಾವಾಗಲೋ ಒಂದು ಸ್ಪೀಕರ್ ಹೋಗಿದೆ, ಯಾರೋ ಕೈಗೆ ಸಿಕ್ಕಿದ 8 ಓಮ್ ತಂದು ತುರುಕಿದ್ದಾರೆ, ಕ್ಲಿಪ್ ಕೂಡ ಸರಿಯಾಗಿ ಒತ್ತಿಲ್ಲ.

ಲೆಕ್ಕ ನೋಡಿ, ಒಂದು ಜೋಡಿ 16 ಮತ್ತು 16, ಅಂದರೆ 32. ಇನ್ನೊಂದು 16 ಮತ್ತು 8, ಅಂದರೆ 24. ಎರಡೂ ಪ್ಯಾರಲಲ್ ಆದರೆ 13.7 ಓಮ್. ಹೆಡ್‌ಗೆ ಇದರಿಂದ ಅಂಥ ತೊಂದರೆ ಇಲ್ಲ, 16ರ ಜ್ಯಾಕ್‌ನಲ್ಲಿ ಬದುಕುತ್ತದೆ. ಆದರೆ ಹಂಚಿಕೆ ಕೆಟ್ಟಿದೆ. ಆ 8 ಓಮ್ ಇರುವ ಸಾಲಿನಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ, ಅದರ ಜೊತೆಗಾರ 16ಕ್ಕೆ ಆಚೆಯ ಸಾಲಿನ ಸ್ಪೀಕರ್‌ಗಳಿಗಿಂತ ಒಂದೂಮುಕ್ಕಾಲು ಪಟ್ಟು ಪವರ್ ಬೀಳುತ್ತದೆ, 8 ಓಮ್‌ನವನಿಗೆ ಅದರ ಅರ್ಧ. ನಾಲ್ಕು ಜನರ ಚಪ್ಪರದಲ್ಲಿ ಒಬ್ಬನೇ ಕಂಬ ಹೊತ್ತ ಹಾಗೆ. 20 ವಾಟ್‌ನಲ್ಲಿ ಏನೂ ಸುಡಲ್ಲ, ಸದ್ದು ಮಾತ್ರ ಎಲ್ಲಿಂದ ಬರುತ್ತಿದೆ ಅಂತ ತಲೆಬುಡ ತಿಳಿಯಲ್ಲ.

ನಿಮ್ಮ ಮುಂದೆ ಇನ್ನೂ ಒಂದು ದಾರಿ ಇದೆ. ಮೂರು ಒಳ್ಳೆಯ 16 ಓಮ್ ಸ್ಪೀಕರ್ ಇವೆ. ಅದರಲ್ಲಿ ಎರಡನ್ನು ಗೆಳೆಯನಿಂದ ತೆಗೆದುಕೊಂಡು ಆ ಖಾಲಿ 2×12ಗೆ ಹಾಕಿ. ಪ್ಯಾರಲಲ್ ಕೊಟ್ಟರೆ 8 ಓಮ್, ನಿಮ್ಮ ಹೆಡ್‌ನಲ್ಲಿ 8ರ ಜ್ಯಾಕ್ ಇದೆ. ಡಬ್ಬ ಮಾತ್ರ ಕೊಂಡ ಹಾಗಾಯಿತು.

ಹಳೇ ಕಾಂಬೋ:

ಡಬ್ಬದ ಐಡಿಯಾ ಒಪ್ಪಿದೆ. ಸ್ಪೀಕರ್ ಬಗ್ಗೆ ನನ್ನದೊಂದು ತಕರಾರು ಇದೆ.

ಜಿ12ಟಿ-75 ನನಗೆ ಎಂದೂ ಹಿಡಿಸಿಲ್ಲ. ಬಾಸ್ ಇದೆ, ಮೇಲೆ ಟ್ರೆಬಲ್ ಇದೆ, ನಡುವೆ ಮಿಡ್ ಕುಸಿದಿದೆ. ಮನೆಯಲ್ಲಿ ಒಬ್ಬನೇ ನುಡಿಸುವಾಗ "ಆಹಾ" ಅನ್ನಿಸುತ್ತದೆ, ಬ್ಯಾಂಡ್ ಶುರುವಾದ ತಕ್ಷಣ ಬಾಸ್ ಗಿಟಾರ್ ಕೆಳಗಿನದನ್ನು ನುಂಗುತ್ತದೆ, ಸಿಂಬಲ್ ಮೇಲಿನದನ್ನು ನುಂಗುತ್ತದೆ, ನೀವು ಮಾಯ. ಇನ್ನೊಂದು, ತಲಾ 75 ವಾಟ್ ತಡೆಯುವ ಎರಡು ಸ್ಪೀಕರ್‌ಗೆ 20 ವಾಟ್ ಕೊಟ್ಟರೆ ಅವಕ್ಕೆ ಮೈ ಬಿಸಿಯೂ ಆಗಲ್ಲ. ಬ್ಲೂಸ್ ನುಡಿಸುವವನಿಗೆ ಸ್ಪೀಕರ್ ತಾನೂ ಸ್ವಲ್ಪ ಒಡೆಯಬೇಕು, ಕೋನ್ ಕಷ್ಟಪಡುವುದು ಕೇಳಿಸಬೇಕು. ಅದಕ್ಕೆ ಗ್ರೀನ್‌ಬ್ಯಾಕ್ ಸ್ಪೀಕರ್, 25 ವಾಟ್‌ದು. ಎರಡು ಹಾಕಿದರೆ 50 ವಾಟ್, 20ರ ಹೆಡ್‌ಗೆ ಅಳತೆ ಮಾಡಿ ಹೊಲಿದ ಹಾಗೆ.

ರಿಫ್ ರಾಕ್ಷಸ:

75ಗೆ ಇಷ್ಟು ಬೈಯುವ ಅಗತ್ಯ ಇಲ್ಲ ಅಣ್ಣ. ಮಿಡ್ ಕುಸಿದಿದೆ ಅಂದರೆ ಆಂಪ್‌ನಲ್ಲಿ ಮಿಡ್ ಅಂತ ಒಂದು ನಾಬ್ ಇದೆಯಲ್ಲ, ಅದನ್ನು ಏರಿಸಿದರಾಯಿತು. ಅದು ಒಡೆಯದೇ ಇರುವುದೇ ರಿಫ್‌ಗೆ ಒಳ್ಳೆಯದು, ಗೇನ್ ಜಾಸ್ತಿ ಇಟ್ಟರೂ ಪ್ರತಿ ಹೊಡೆತ ಬಿಡಿಬಿಡಿಯಾಗಿ ಕೇಳಿಸುತ್ತದೆ. ಗ್ರೀನ್‌ಬ್ಯಾಕ್‌ನಲ್ಲಿ ಕೆಳಗಿನ ತಂತಿ ಮುಚ್ಚಿ ಹೊಡೆದರೆ ಮುದ್ದೆಯಾಗುತ್ತದೆ.

ಎರಡೂ ಬೇಕು ಅಂದರೆ ಒಂದು 75, ಒಂದು ವಿಂಟೇಜ್ 30 ಹಾಕಲಿ. ಇದು ಹಳೇ ಜೋಡಿ, ತುಂಬಾ ಜನ ಹಾಕುತ್ತಾರೆ. ಒಂದರಲ್ಲಿ ಮಿಡ್ ಇಲ್ಲ, ಇನ್ನೊಂದರಲ್ಲಿ ಬೇಡ ಅನ್ನುವಷ್ಟಿದೆ. ಗಂಡ ಹೆಂಡತಿ ಇದ್ದ ಹಾಗೆ.

ಬೆಸುಗೆಕಡ್ಡಿ:

ಬೆರೆಸುವುದಾದರೆ ವಿಂಟೇಜ್ 30 ಕೂಡ 16 ಓಮ್‌ದೇ ಇರಬೇಕು. 8 ಓಮ್‌ದು ತಂದು ಮತ್ತೆ ಅದೇ 4×12 ಕಥೆ ಮಾಡಬೇಡಿ. ಇನ್ನೊಂದು ವಿಷಯ, 75ರ ಸೆನ್ಸಿಟಿವಿಟಿ 97, ವಿಂಟೇಜ್ 30ರದು 100. ಪಕ್ಕಪಕ್ಕ ಇಟ್ಟಾಗ ವಿಂಟೇಜ್ 30ದೇ ದನಿ ಮೇಲಿರುತ್ತದೆ. ಅದು ಕೆಟ್ಟದ್ದೇನಲ್ಲ, ತಿಳಿದಿರಲಿ ಅಂತ ಹೇಳಿದೆ. ತಡೆಯುವ ಶಕ್ತಿ ಲೆಕ್ಕ ಹಾಕುವಾಗ 75 ಕೂಡಿಸು 60 ಅಂತ ಹಾಕಬಾರದು, ಇಬ್ಬರಿಗೂ ಸಮವಾಗಿ ಹೋಗುವುದರಿಂದ ಕಡಿಮೆ ಇರುವುದರ ಎರಡರಷ್ಟು, 120. ನಿಮಗೆ ಅದು ಬೇಕಾದಷ್ಟಾಯಿತು.

ಡ್ರಮ್ ಹಿಂದೆ ಕೂತವ:

ಒಂದು ಪ್ರಶ್ನೆ. ವಾಕ್ಸ್ ಎಸಿ30 ಅಂದರೆ 30 ವಾಟ್, ಅದರೊಳಗಿನ ಬ್ಲೂ ಸ್ಪೀಕರ್ ತಲಾ 15 ವಾಟ್ ಅಂತ ಎಲ್ಲೋ ಓದಿದ್ದೆ. ಎರಡು ಸೇರಿದರೆ ಸರಿಯಾಗಿ 30. ಹಾಗಾದರೆ ನಿಮ್ಮ ಎರಡರಷ್ಟು ಲೆಕ್ಕ ಎಲ್ಲಿ ಹೋಯಿತು?

ಬೆಸುಗೆಕಡ್ಡಿ:

ಸಿಕ್ಕಿಹಾಕಿಕೊಂಡೆ. ಓದಿದ್ದು ಸರಿ. ಅದು ಅಂಚಿನ ಮೇಲೆ ನಡೆಯುವ ವ್ಯವಹಾರ, ಆ ಸದ್ದಿನ ಸೊಗಸಿಗೆ ಅದೂ ಒಂದು ಕಾರಣ. ಸ್ಪೀಕರ್ ಸುಟ್ಟರೆ ನನ್ನನ್ನು ಬೈಯಬಾರದು ಅಂತ ನಾನು ಎರಡರಷ್ಟು ಹೇಳುವುದು.

ಆರನೇ ತಂತಿ:

ಗೆಳೆಯ ಒಪ್ಪಿದ. ಎರಡು 75 ನನಗೆ, ಒಂದು ಅವನಿಗೇ ಇರಲಿ. ಖಾಲಿ 2×12 ಡಬ್ಬಕ್ಕೆ ಹೇಳಿದ್ದೇನೆ, 18 ಮಿಲಿಮೀಟರ್ ಪ್ಲೈವುಡ್. ಮೊದಲು ಎರಡೂ 75 ಹಾಕಿ ಬ್ಯಾಂಡ್‌ನಲ್ಲಿ ನುಡಿಸಿ ನೋಡುತ್ತೇನೆ, ನಾನು ಮಾಯವಾದರೆ ಒಂದನ್ನು ತೆಗೆದು ವಿಂಟೇಜ್ 30.

ಇನ್ನು ಮನೆಯ ಕಥೆ. 20 ವಾಟ್ ಚಿಕ್ಕ ಕೋಣೆಗೆ ವಿಪರೀತ ಅಂತ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಮನೆಗೆ ಅಂತ ಬೇರೆ ಒಂದು ಸಣ್ಣ 1×12 ಇಟ್ಟುಕೊಂಡರೆ ಸದ್ದು ಕಡಿಮೆ ಆಗುತ್ತದಾ?

ಹಳೇ ಕಾಂಬೋ:

ಕಣ್ಣಿಗೆ ಕಾಣುವಷ್ಟು ಆಗಬಹುದು, ಕಿವಿಗೆ ಕೇಳುವಷ್ಟು ಆಗಲ್ಲ. 20 ವಾಟ್ ಅನ್ನು 2 ವಾಟ್‌ಗೆ ಇಳಿಸಿದರೆ ಕಿವಿಗೆ ಸುಮಾರು ಅರ್ಧ ಆದ ಹಾಗೆ ಅನ್ನಿಸುತ್ತದೆ, ಅಷ್ಟೇ. ಕ್ಯಾಬ್ ಬದಲಾಯಿಸಿ ಪಕ್ಕದ ಕೋಣೆಯವರನ್ನು ಮಲಗಿಸಲು ಆಗುವುದಿಲ್ಲ. ಹೆಡ್‌ಗೂ ಕ್ಯಾಬ್‌ಗೂ ನಡುವೆ ಅಟೆನ್ಯುಯೇಟರ್ ಹಾಕುತ್ತಾರೆ, ಅದು ಪವರ್ ಅನ್ನು ಬಿಸಿಯಾಗಿಸಿ ಕಳೆದು ಮಿಕ್ಕದ್ದನ್ನು ಸ್ಪೀಕರ್‌ಗೆ ಬಿಡುತ್ತದೆ. ಇಲ್ಲಾ ಲೋಡ್ ಬಾಕ್ಸ್ ಹಾಕಿ, ಸ್ಪೀಕರ್‌ನ ಸದ್ದನ್ನು ಕಂಪ್ಯೂಟರ್‌ನಲ್ಲಿ ಅನುಕರಿಸಿ ಹೆಡ್‌ಫೋನ್‌ನಲ್ಲಿ ಕೇಳಬಹುದು. ರಾತ್ರಿ ನಾನು ಮಾಡುವುದು ಅದನ್ನೇ. ಎದೆಗೆ ಗಾಳಿ ತಾಗುವುದಿಲ್ಲ, ಮನೆಯಲ್ಲಿ ಶಾಂತಿ ಇರುತ್ತದೆ.

ಯಾವುದೇ ತೆಗೆದುಕೊಂಡರೂ ಅದರ ಓಮ್ 8 ಇದೆಯಾ, ವಾಟ್ ನಿಮ್ಮ ಹೆಡ್‌ಗಿಂತ ಮೇಲಿದೆಯಾ ನೋಡಿ.

ಬೆಸುಗೆಕಡ್ಡಿ:

ಡಬ್ಬ ಬಂದ ಮೇಲೆ ಜೋಡಿಸುವಾಗ: ಎರಡೂ ಸ್ಪೀಕರ್‌ನ ಪ್ಲಸ್ ಜ್ಯಾಕ್‌ನ ತುದಿಗೆ, ಎರಡರ ಮೈನಸ್ ಜ್ಯಾಕ್‌ನ ಮೈಗೆ. ಒಂದು ಉಲ್ಟಾ ಆದರೆ ಒಂದು ಕೋನ್ ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತದೆ, ಬಾಸ್ ಪೂರ್ತಿ ತೆಳುವಾಗಿ "ಈ ಸ್ಪೀಕರ್ ದಂಡ" ಅಂತ ಸುಮ್ನೆ 75ನ್ನು ಬೈಯುತ್ತೀರಿ. ಮುಚ್ಚುವ ಮುಂಚೆ 1.5 ವೋಲ್ಟ್ ಸೆಲ್ ತೆಗೆದುಕೊಂಡು ಜ್ಯಾಕ್‌ಗೆ ಹಾಕಿದ ಕೇಬಲ್‌ನ ತುದಿಗೆ ಒಂದು ಕ್ಷಣ ಮುಟ್ಟಿಸಿ, ಎರಡೂ ಕೋನ್ ಒಂದೇ ಕಡೆಗೆ ಜಿಗಿಯಬೇಕು. ಆಮೇಲೆ ಮೀಟರ್, 6.5ರ ಹತ್ತಿರ ಬರಬೇಕು.

ಸ್ಪೀಕರ್ ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದೇ ಕಡೆಯಿಂದ ತಿರುಗಿಸುತ್ತಾ ಹೋದರೆ ಫ್ರೇಮ್ ಸೊಟ್ಟಗಾಗಿ ಕಾಯಿಲ್ ಉಜ್ಜಲು ಶುರುವಾಗುತ್ತದೆ. ಸ್ಕ್ರೂಡ್ರೈವರ್ ಜಾರಿದರೆ ನೇರ ಕೋನ್ ಒಳಗೇ ಹೋಗುವುದು, ಇನ್ನೊಂದು ಕೈಯನ್ನು ಅಡ್ಡ ಇಟ್ಟುಕೊಳ್ಳಿ.

ಆರನೇ ತಂತಿ:

ಅಂಗೈ ಅಡ್ಡ ಇಟ್ಟುಕೊಳ್ಳುತ್ತೇನೆ ಸರ್. ಸ್ಪೀಕರ್ ಕೇಬಲ್ ನಿನ್ನೆಯೇ ತಂದೆ, ಗಿಟಾರ್ ಕೇಬಲ್ ಜೊತೆ ಬೆರೆಯದಿರಲಿ ಅಂತ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.